ಹಸು ಅಗ್ಗ, ಹಗ್ಗ ದುಬಾರಿ

ಎದುರಿನ ಶೋರೂಮಿನ ಸ್ಪೀಕರಿನಲ್ಲಿ ನನ್ನ ದನಿ ಕೇಳಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ನಾನು ಡಿಸ್ಕೊಂದನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ಗೀರು ನೋಡುತ್ತಿದ್ದೆ. ಮೊದಲು ಸಂಗೀತ ಬಂತು. ಆಮೇಲೆ ಯಾರೋ ಹೆಂಗಸು ‘ನಿಜವಾದ ಆಟಗಾರರ ಮಾತು ಕೇಳಿ’ ಎಂದಳು. ಆಮೇಲೆ ನಾನು: ‘ಕೊಟ್ಟ ದುಡ್ಡಿಗೆ ಮೋಸ ಇಲ್ಲ.’

ಪರದೆಯ ಆಚೆ ಅಕ್ಕನ ಹೊಲಿಗೆ ಯಂತ್ರ ನಿಂತಿತು.

“ನಿನ್ನ ದನಿಯೇ ಅಲ್ವೇನೋ ಅದು?”

“ನಂದೇ.”

“ಎಷ್ಟು ಕೊಟ್ರು?”

“ಒಂದು ಟೋಪಿ.”

“ಚೆನ್ನಾಗೇ ಹಾಕಿದ್ದಾರೆ ಬಿಡು,” ಎಂದು ಅಕ್ಕ ಮತ್ತೆ ಯಂತ್ರ ತುಳಿದಳು.

ಅಂಗಡಿ ಅಕ್ಕನ ಹೆಸರಿನಲ್ಲಿತ್ತು. ಪರದೆಯ ಆ ಕಡೆ ಅವಳು ಪ್ಯಾಂಟುಗಳ ಉದ್ದ ಕತ್ತರಿಸುತ್ತಿದ್ದಳು, ಜಿಪ್ಪು ಬದಲಾಯಿಸುತ್ತಿದ್ದಳು. ಈ ಕಡೆ ನನ್ನ ಒಂದು ದೊಡ್ಡ ಕಪಾಟು, ಒಂದು ಹಳೆಯ ಟಿವಿ, ಗೇಮುಗಳ ಡಿಸ್ಕುಗಳು. ಆಡಿ ಮುಗಿಸಿದವರು ಡಿಸ್ಕ್ ತಂದುಕೊಟ್ಟು, ಮೇಲೆ ಸ್ವಲ್ಪ ಸೇರಿಸಿ ಇನ್ನೊಂದು ಒಯ್ಯುತ್ತಿದ್ದರು. ನಾನು ಪ್ರತಿಯೊಂದರ ಗೀರು ನೋಡಿಯೇ ತೆಗೆದುಕೊಳ್ಳುತ್ತಿದ್ದುದರಿಂದ ಬೀದಿಯವರು ನನಗೆ ಗೀರಣ್ಣ ಎಂದು ಹೆಸರಿಟ್ಟಿದ್ದರು. ನಿಜ ಹೇಳಬೇಕೆಂದರೆ ನಾನು ಮಾರುತ್ತಿದ್ದದ್ದು ಡಿಸ್ಕಲ್ಲ, ಮಾತು. ಯಾವ ಗೇಮು ಒಳ್ಳೆಯದು, ಗೇಮು ಆಡುವ ಯಾವ ಯಂತ್ರಕ್ಕೆ ದುಡ್ಡು ಹಾಕಬಹುದು ಎಂದು ಕೇಳುತ್ತಿದ್ದರು. ನಾನು ‘ತಗೋ’ ಅಥವಾ ‘ಬೇಡ’ ಎನ್ನುತ್ತಿದ್ದೆ. ನಾನು ಬೇಡವೆಂದದ್ದನ್ನು ಆ ಬೀದಿಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ.

ವರ್ಷದ ಕೊನೆಗೆ ಬಾಡಿಗೆ ಕರಾರು ಮುಗಿಯುವುದಿತ್ತು. ಹೊಸ ಕರಾರಿಗೆ ಮುಂಗಡದ ಅರ್ಧ ಭಾಗ ನಾನು ಕೊಡಬೇಕು, ಇಲ್ಲದಿದ್ದರೆ ನನ್ನ ಅರ್ಧವನ್ನು ಬೀಗದ ಕೈ ಮಾಡುವವನಿಗೆ ಬಿಡುತ್ತೇನೆ ಎಂದು ಅಕ್ಕ ಹೇಳಿಬಿಟ್ಟಿದ್ದಳು. “ತಮ್ಮ ಅಂತ ಮೂರು ವರ್ಷ ನೋಡಿದೆ ಕಣೋ. ಇನ್ನು ನನ್ನ ಕಣ್ಣೂ ಸೋತಿದೆ, ಕೈಯೂ ಸೋತಿದೆ.” ನಾನು ಹನ್ನೊಂದು ತಿಂಗಳು ಕೂಡಿಟ್ಟಿದ್ದೆ. ಮೊತ್ತ ಹೆಚ್ಚು ಕಡಿಮೆ ಸೇರಿತ್ತು.

ಟೋಪಿ ಸಿಕ್ಕಿದ್ದು ಹಿಂದಿನ ತಿಂಗಳು. ಶೋರೂಮಿನ ಕಡೆಯಿಂದ ಒಬ್ಬಳು ಹುಡುಗಿ ಮೈಕು ಹಿಡಿದು ಬಂದಿದ್ದಳು. ಗೇಮ್ ಕಂಪನಿಯವರು ಹೊಸ ಯಂತ್ರ ತಂದಿದ್ದರು. ಡಿಸ್ಕ್ ಹಾಕುವ ಜಾಗ ಅದಕ್ಕಿಲ್ಲ. ಅದರ ಬೆಲೆ ಡಿಸ್ಕಿನ ಜಾಗ ಇರುವ ಯಂತ್ರದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು. ನಾನು ಹತ್ತು ನಿಮಿಷ ಮಾತಾಡಿದೆ. ಯಂತ್ರ ಅಗ್ಗವಾಗಿ ಕೊಡುವುದು ಪ್ರೀತಿಗಲ್ಲ, ಮನೆಯೊಳಗೆ ಬಂದಮೇಲೆ ಪ್ರತಿ ಗೇಮನ್ನೂ ಅವರ ಅಂಗಡಿಯಿಂದಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು, ಹಳೆಯದು ಸಿಗುವುದಿಲ್ಲ, ಮಾರಲಾಗುವುದಿಲ್ಲ, ಗೆಳೆಯನಿಗೆ ಎರವಲು ಕೊಡಲೂ ಆಗುವುದಿಲ್ಲ ಎಂದೆ. ಹಸು ಅಗ್ಗ, ಹಗ್ಗ ದುಬಾರಿ ಎಂದೆ. ಹುಡುಗಿ ನಕ್ಕಳು. ನಾನು ಉಬ್ಬಿ ಇನ್ನೂ ಒಂದು ಮಾತು ಸೇರಿಸಿದೆ: “ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಂದ್ರೆ ನಾನಂತೂ ಒಪ್ಪಲ್ಲ.”

ನಾವು ಆಡುವ ಮಾತಿನಲ್ಲಿ ಬೇಡ, ಇಲ್ಲ, ಒಪ್ಪಲ್ಲ ಎಲ್ಲವೂ ತುದಿಯಲ್ಲಿರುತ್ತವೆ. ಬಾಲ ಕತ್ತರಿಸಿದರೂ ನಾಯಿ ನಾಯಿಯೇ. ಮಾತು ಹಾಗಲ್ಲ. ಹುಡುಗಿ ಒಂದು ಕಾಗದ ಕೊಟ್ಟಳು, ಸಹಿ ಹಾಕಿದೆ. ಟೋಪಿ ಕೊಟ್ಟಳು, ಹಾಕಿಕೊಂಡೆ.

ಗುರುವಾರ ಮಧ್ಯಾಹ್ನ ಲಿಫ್ಟಿನವರು ಬಂದರು. ಲಿಫ್ಟ್ ರಿಪೇರಿ ಅವರ ಕೆಲಸ. ವಯಸ್ಸು ಐವತ್ತು ದಾಟಿತ್ತು. ಭಾನುವಾರ ಮಗಳ ಜೊತೆ ಫುಟ್‌ಬಾಲ್ ಗೇಮು ಆಡುವ ಆಸೆ ಅವರಿಗೆ. ಎರಡು ವರ್ಷದ ಹಿಂದೆ ಯಂತ್ರ ಕೊಳ್ಳಲೇ ಎಂದು ಕೇಳಿದ್ದರು. ಒಂದು ವರ್ಷ ತಡೆಯಿರಿ, ಹಳೆಯದಾದಂತೆ ಬೆಲೆ ಇಳಿಯುತ್ತದೆ ಎಂದಿದ್ದೆ. ನಾನು ಗೇಮು ಆಡಲು ಕಲಿತಾಗಿನಿಂದ ಅದೇ ನಿಯಮ. ಈ ಸಲ ಬೆಲೆ ಇಳಿಯಲಿಲ್ಲ, ಎರಡು ಸಲ ಏರಿತು. ಹಳೆಯ ಸರಕಿನ ಬೆಲೆ ಏರುವುದನ್ನು ನಾನು ಕಂಡದ್ದು ಅದೇ ಮೊದಲು. ಲಿಫ್ಟಿನವರು ನನ್ನನ್ನು ಬೈಯಲಿಲ್ಲ. ಯಂತ್ರ ಬಂದಾಗ ಆಡಲಿಕ್ಕೆ ಇರಲಿ ಎಂದು ತಿಂಗಳಿಗೊಂದು ಡಿಸ್ಕ್ ನನ್ನಿಂದ ಕೊಂಡು ಮನೆಯಲ್ಲಿ ಜೋಡಿಸಿದರು. “ಕೂಸು ಹುಟ್ಟೋ ಮುಂಚೆ ಕುಲಾವಿ,” ಎಂದು ಅಕ್ಕ ಪರದೆಯ ಹಿಂದಿನಿಂದ ರೇಗಿಸುತ್ತಿದ್ದಳು. ಅವರು ನಗುತ್ತಿದ್ದರು. ಕುಲಾವಿಗಳು ಇಪ್ಪತ್ತಮೂರಾಗಿದ್ದವು.

ಆ ದಿನ ಅವರ ಕೈಯಲ್ಲಿ ಹೊಸ ಯಂತ್ರವಿತ್ತು.

“ಡಿಸ್ಕ್ ಎಲ್ಲಿ ಹಾಕೋದು ತೋರಿಸಪ್ಪ. ನಿನ್ನೆಯಿಂದ ನಾನೂ ಹುಡುಕ್ದೆ, ಮಗಳೂ ಹುಡುಕಿದ್ಲು. ಮುಚ್ಚಳ ಗಟ್ಟಿಯಾಗಿ ಕೂತಿರಬೇಕು.” ಹೆಬ್ಬೆರಳನ್ನು ಅದರ ಅಂಚಿನುದ್ದಕ್ಕೂ ಆಡಿಸಿ ತೋರಿಸಿದರು.

“ಇದಕ್ಕೆ ಬಾಯಿಲ್ಲ ಸಾರ್.”

“ಬಾಯಿಲ್ಲ ಅಂದ್ರೆ?”

“ಡಿಸ್ಕ್ ಹಾಕೋಕಾಗಲ್ಲ. ಇಂಟರ್ನೆಟ್ಟಲ್ಲಿ ಅವರ ಅಂಗಡಿಯಿಂದ್ಲೇ ಗೇಮ್ ತಗೋಬೇಕು.”

“ನನ್ನ ಹತ್ರ ಇಪ್ಪತ್ಮೂರು ಇದ್ಯಲ್ಲ.”

“ಅದನ್ನೇ ಮತ್ತೆ ತಗೋಬೇಕು.”

“ಕೊಂಡಿರೋದನ್ನೇ?”

“ಕೊಂಡಿರೋದನ್ನೇ.”

ಎದುರಿನ ಸ್ಪೀಕರಿನಲ್ಲಿ ನನ್ನ ಸರದಿ ಬಂತು. ಅವರು ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು.

“ನಿನ್ನನ್ನ ಕೇಳೋಣ ಅಂತಲೇ ಬಂದಿದ್ದೆ ನಿನ್ನೆ. ಬೀದಿಗೆ ಕಾಲಿಟ್ಟಾಗ ಇದು ಕೇಳಿಸ್ತು. ಇನ್ನು ಕೇಳೋದೇನು, ಹೇಳ್ತಾನೇ ಇದಾನಲ್ಲ ಅಂತ ಸೀದಾ ಆ ಕಡೆ ಹೋದೆ.”

“ನಾನು ಹೇಳಿದ್ದು ಅಷ್ಟೇ ಅಲ್ಲ ಸಾರ್. ಕೊನೇಲಿ ‘ಅಂದ್ರೆ ನಾನಂತೂ ಒಪ್ಪಲ್ಲ’ ಅಂದಿದ್ದೆ. ಅದನ್ನ ಕತ್ತರಿಸಿದ್ದಾರೆ.”

“ಹೂಂ,” ಎಂದರು. ನಂಬಿದ ಹೂಂ ಆಗಿರಲಿಲ್ಲ. “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರೂ ಹೀಗೇ ಹೇಳ್ತಾರಪ್ಪ. ನಾನು ಒತ್ತಿದ್ದು ಸರಿಯಾದ ಬಟನ್ನೇ, ಲಿಫ್ಟೇ ತಪ್ಪು ಮಹಡಿಗೆ ಹೋಯ್ತು ಅಂತ.”

ನಾನು ಅವರನ್ನು ಕರೆದುಕೊಂಡು ಶೋರೂಮಿಗೆ ಹೋದೆ. ಬಾಗಿಲಲ್ಲಿ ‘ಕೊನೆಯ ಐದು ಮಾತ್ರ’ ಎಂಬ ಬೋರ್ಡಿತ್ತು. ಎರಡು ವಾರದಿಂದ ಐದೇ ಉಳಿದಿದ್ದವು. ಮ್ಯಾನೇಜರ್ ನನಗಿಂತ ಚಿಕ್ಕವನು, ಕೊರಳಲ್ಲಿ ಗುರುತಿನ ಚೀಟಿ.

“ನೀವೇ ಆಡಿದ ಮಾತಲ್ವಾ? ಒಂದಕ್ಷರ ನಾವು ಸೇರಿಸಿಲ್ಲ.”

“ಸೇರಿಸಿಲ್ಲ. ಕತ್ತರಿಸಿದ್ದೀರಿ.”

“ಹತ್ತು ನಿಮಿಷ ಮಾತಾಡಿದ್ರಂತೆ. ಹತ್ತು ನಿಮಿಷ ಯಾರು ಕೇಳ್ತಾರೆ ಹೇಳಿ.” ನಾನು ಸಹಿ ಹಾಕಿದ್ದ ಕಾಗದವನ್ನು ಫೋನಿನಲ್ಲಿ ತೋರಿಸಿದ. ಅಗತ್ಯಕ್ಕೆ ತಕ್ಕಂತೆ ಸಂಕ್ಷೇಪಿಸಬಹುದು ಎಂದಿತ್ತು. ಕೆಳಗೆ ನನ್ನ ಸಹಿ, ಎಂದಿಗಿಂತ ಅಂದವಾಗಿ.

ಲಿಫ್ಟಿನವರು ಪೆಟ್ಟಿಗೆ ಮುಂದಿಟ್ಟರು. ತೆರೆದ ಪೆಟ್ಟಿಗೆ ವಾಪಸು ಇಲ್ಲ ಎಂದ.

“ತೆರೀದೆ ಇದಕ್ಕೆ ಬಾಯಿಲ್ಲ ಅಂತ ಹೆಂಗಪ್ಪ ಗೊತ್ತಾಗ್ಬೇಕು?”

ಅವನು ಪೆಟ್ಟಿಗೆಯನ್ನು ಬೋರಲು ಹಾಕಿ ತೋರಿಸಿದ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು. ಲಿಫ್ಟಿನವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಓದದೆ ಬಿಟ್ಟರು.

“ಆ ಸ್ಪೀಕರ್ ಆದ್ರೂ ನಿಲ್ಲಿಸಿ,” ಎಂದೆ.

“ಅದು ಹೆಡ್ ಆಫೀಸಿಂದ ಬರುತ್ತೆ ಸರ್. ಎಂಬತ್ತು ಊರಲ್ಲಿ ಒಂದೇ ಸಲಕ್ಕೆ ಕೇಳುತ್ತೆ. ನನ್ನ ಕೈಲಿರೋದು ವಾಲ್ಯೂಮ್ ಒಂದೇ.” ಎದ್ದು ಹೋಗಿ ಎರಡು ಗೆರೆ ಕಡಿಮೆ ಮಾಡಿ ಬಂದ. ಮನುಷ್ಯ ಕೆಟ್ಟವನಲ್ಲ.

ಆಮೇಲೆ ನಮ್ಮ ಅಂಗಡಿ ನಿಧಾನಕ್ಕೆ ಖಾಲಿಯಾಯಿತು. ಬಾಯಿಲ್ಲದ ಯಂತ್ರ ಕೊಂಡವರಿಗೆ ನನ್ನ ಅಂಗಡಿಯಲ್ಲಿ ಕೊಳ್ಳಲು ಏನೂ ಇರಲಿಲ್ಲ. ಬಾಯಿದ್ದ ಯಂತ್ರ ಇಟ್ಟುಕೊಂಡವರು ಬಂದು ಡಿಸ್ಕ್ ತಿರುಗಿಸಿ ನೋಡುತ್ತಿದ್ದರು, ಆದರೆ ಯಾವುದು ಒಳ್ಳೆಯದೆಂದು ಕೇಳುತ್ತಿರಲಿಲ್ಲ. “ಎಷ್ಟು ಸಿಕ್ತು ಗೀರಣ್ಣ?” ಎಂದು ಮಾತ್ರ ಕೇಳುತ್ತಿದ್ದರು. ಒಂದು ರಟ್ಟಿನ ಮೇಲೆ ‘ಎದುರಿನ ದನಿ ನನ್ನದು, ಮಾತು ನನ್ನದಲ್ಲ’ ಎಂದು ಬರೆದು ನೇತುಹಾಕಿದೆ. ಮರುದಿನ ಯಾರೋ ಅದರ ಕೆಳಗೆ ‘ಬಾಯಿ ಯಾರದ್ದು?’ ಎಂದು ಬರೆದಿದ್ದರು. ಅಕ್ಕ ಓದಿ ನಕ್ಕಳು. ನನಗೂ ನಗು ಬಂತು. ರಟ್ಟು ತೆಗೆದುಬಿಟ್ಟೆ.

ಕರಾರಿಗೆ ಎಂಟು ದಿನ ಉಳಿದಿದ್ದಾಗ ಲಿಫ್ಟಿನವರು ಮತ್ತೆ ಬಂದರು. ಚೀಲದಲ್ಲಿ ಇಪ್ಪತ್ತಮೂರು ಡಿಸ್ಕುಗಳಿದ್ದವು. ಕವರಿನ ಮೇಲೆ ನಾನು ಸುತ್ತಿಕೊಟ್ಟ ಪ್ಲಾಸ್ಟಿಕ್ಕನ್ನು ಕೂಡ ಅವರು ತೆಗೆದಿರಲಿಲ್ಲ.

“ಯಾರಾದ್ರೂ ತಗೊಂಡ್ರೆ ಮಾರ್ಕೊಡಪ್ಪ. ಮಗಳಿಗೆ ಆ ಫುಟ್‌ಬಾಲ್ ಗೇಮ್ ಒಂದಾದ್ರೂ ಹಾಕಿಸಿಕೊಡ್ಬೇಕು. ಅವರ ಅಂಗಡೀಲಿ ನೋಡಿದೆ. ನಿನ್ನ ಹತ್ರ ಕೊಟ್ಟಿದ್ದರ ನಾಲ್ಕು ಪಟ್ಟು ಹೇಳ್ತಾರೆ.”

ಕೊಳ್ಳುವವರು ಯಾರೂ ಇರಲಿಲ್ಲ. ಹಾಗೆಂದು ಹೇಳಬಹುದಿತ್ತು. ಒಂದು ವರ್ಷ ತಡೆಯಿರಿ ಎಂದವನು ನಾನು. ಆ ಇಪ್ಪತ್ತಮೂರನ್ನು ಇದು ತಗೊಳ್ಳಿ, ಇದು ಬೇಡ ಎಂದು ಒಂದೊಂದಾಗಿ ಆರಿಸಿಕೊಟ್ಟವನೂ ನಾನೇ. ಗಲ್ಲಾಪೆಟ್ಟಿಗೆಯ ಕೆಳಗಿನ ಡಬ್ಬಿ ತೆಗೆದು, ಅವರು ಕೊಟ್ಟಿದ್ದ ಬೆಲೆಯನ್ನೇ ಪೂರ್ತಿ ಎಣಿಸಿ ಮುಂದಿಟ್ಟೆ. ಅದು ಕರಾರಿನ ದುಡ್ಡು. ಪರದೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

ಅವರು ಕೈ ಹಿಂದೆಳೆದುಕೊಂಡರು. “ಇಷ್ಟು ಬೇಡ. ಹಳೇ ಮಾಲಿಗೆ ಯಾರಾದ್ರೂ ಪೂರ್ತಿ ಕೊಡ್ತಾರಾ? ನಿನಗೂ ಕಷ್ಟ ಇದೆ.”

“ತಗೊಳ್ಳಿ ಸಾರ್. ನನ್ನಿಂದ ಆಗಿದ್ದು.”

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಏನೋ ತಿಳಿಯಾಯಿತು.

“ಕಂಪನಿಯೋರು ಕೊಟ್ಟಿದ್ದಾ ಇದು?”

ಅಲ್ಲ ಎಂದರೆ ಅವರು ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು.

“ಹೌದು,” ಎಂದೆ.

“ಹಂಗಾದ್ರೆ ಸರಿ.” ನೋಟು ಮಡಚಿ ಅಂಗಿಯ ಜೇಬಿಗಿಟ್ಟರು. “ಬೇಜಾರು ಮಾಡ್ಕೋಬೇಡಪ್ಪ. ಹೊಟ್ಟೆಪಾಡು, ಯಾರನ್ನೂ ಬಿಟ್ಟಿಲ್ಲ. ನಾನು ಅವತ್ತೇ ಮಗಳಿಗೆ ಹೇಳಿದ್ದೆ, ಗೀರಣ್ಣ ಕೊಟ್ಟೇ ಕೊಡ್ತಾನೆ ಅಂತ.” ನನ್ನ ಹೆಗಲು ತಟ್ಟಿ ಹೋದರು.

ಅಕ್ಕ ಪರದೆ ಸರಿಸಿದಳು. ಹಲ್ಲಿನ ನಡುವೆ ಕಚ್ಚಿದ್ದ ದಾರ ತೆಗೆದಳು.

“ಸುಳ್ಳು ಹೇಳೋದಾದ್ರೆ ನಿನಗೆ ಲಾಭ ಆಗೋ ಸುಳ್ಳನ್ನಾದ್ರೂ ಹೇಳ್ಬಾರ್ದಾ?”

ನಾನು ಚೀಲದಿಂದ ಡಿಸ್ಕುಗಳನ್ನು ತೆಗೆದು ಕಪಾಟಿಗೆ ಜೋಡಿಸಿದೆ. ಅವಳು ಪ್ಯಾಂಟೊಂದನ್ನು ತೊಡೆಯ ಮೇಲೆ ಹರಡಿಕೊಂಡು, ಸೀಮೆಸುಣ್ಣದಿಂದ ಗುರುತು ಹಾಕಿ, ಕತ್ತರಿಸಿದಳು.

ಮುಂದಿನ ವಾರ ಬೀಗದ ಕೈಯವನು ಅಳತೆ ಪಟ್ಟಿ ತಂದ. ಗೋಡೆ ಅಳೆದ, ಬಾಗಿಲು ಅಳೆದ. ಡಿಸ್ಕಿನ ಕಪಾಟು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. ಗೂಡುಗಳು ತೀರ ಕಿರಿದು, ನನ್ನ ಸಾಮಾನು ಒಂದೂ ಹಿಡಿಸುವುದಿಲ್ಲ ಎಂದ. ಒಂದು ಕಡೆ ಅವನು, ಇನ್ನೊಂದು ಕಡೆ ನಾನು ಹಿಡಿದು ಅದನ್ನು ಬೀದಿಗೆ ಎಳೆದು ಹಾಕಿದೆವು.