ಹುಗ್ಗಿಯ ದಿನ ನಾನು ತೋರಿಸಿದ ಅಂಕಿ

ಚನ್ನವೀರಪ್ಪ ಮಾಸ್ತರರು ಹೋದರೆಂಬ ಸುದ್ದಿ ಮನೆಗೆ ಬಂದಾಗ ನಾನು ಅವರ ಮೇಜಿನ ಮೇಲಿದ್ದೆ. ಬೆಳಗಿನ ನಡಿಗೆಗೆ ಹೋದವರು ಕೆರೆಯ ಏರಿಯ ಮೇಲೆ ಕುಳಿತರಂತೆ, ಮತ್ತೆ ಏಳಲಿಲ್ಲವಂತೆ. ಎದೆ ನಿಂತಿತ್ತು. ಹೆಂಡತಿ ಬಸಲಿಂಗವ್ವ ಕೇಳಿಯೂ ಕೇಳದವರಂತೆ ರೊಟ್ಟಿ ತಟ್ಟುತ್ತಲೇ ಇದ್ದರು. ಸೊಸೆ ಮಹಾನಂದಾ ಒಲೆ ಆರಿಸಿದಳು.

ನಾನು ಸಕ್ಕರೆ ಕಾಯಿಲೆಯವರ ರಕ್ತ ನೋಡುವ ಸಣ್ಣ ಯಂತ್ರ. ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ಗದಗಿನ ಔಷಧಿ ಅಂಗಡಿಯಿಂದ ಈ ಮನೆಗೆ ಬಂದೆ. ಗಂಡ ಹೆಂಡತಿ ಇಬ್ಬರಿಗೂ ನಾನೊಂದೇ. ಎರಡು ಜೋಳದ ರೊಟ್ಟಿ, ಮೆಂತೆ ಸೊಪ್ಪು, ದಿನಕ್ಕೆರಡು ಮೈಲಿ ನಡಿಗೆ ಎಂದು ಮಾಸ್ತರರು ಒಂಬತ್ತು ವರ್ಷ ನನ್ನ ಮಾತು ಕೇಳಿ ಬದುಕಿದರು. ಬಸಲಿಂಗವ್ವನವರಿಗೆ ಇನ್ಸುಲಿನ್ ಚುಚ್ಚುತ್ತಿದ್ದವರೂ ಅವರೇ. ಆ ಕೆಲಸ ಈಗ ಮಹಾನಂದೆಯ ಕೈಗೆ ಬಂತು.

ಹನ್ನೊಂದನೆಯ ದಿನ ಶಿವಗಣಾರಾಧನೆ, ಹೋದವರ ಹೆಸರಿನಲ್ಲಿ ಜಂಗಮ ಅಯ್ಯನವರಿಗೆ ಉಣಬಡಿಸುವ ದಿನ. ಗೋಧಿ ಹುಗ್ಗಿಗೆ ಬಸಲಿಂಗವ್ವ ತಾವೇ ಬೆಲ್ಲ ಪುಡಿಮಾಡಿದರು. ಬೆಳಿಗ್ಗೆ ಇನ್ಸುಲಿನ್ ಆಗಿತ್ತು. ಆದರೂ ಅಯ್ಯನವರ ಪ್ರಸಾದವಾಗುವ ತನಕ ತುತ್ತು ಮುಟ್ಟೆನೆಂದು ಹಟ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿತು, ಹಣೆ ಬೆವರಿತು. ಮಹಾನಂದಾ ಅವರ ಬೆರಳನ್ನು ಸೆರಗಿನಿಂದ ಒರೆಸಿ, ಚುಚ್ಚಿ, ನನಗೆ ಹನಿ ಕೊಟ್ಟಳು.

ನಾನೂರ ಹನ್ನೆರಡು ಎಂದೆ.

“ಅತ್ತಿ, ಸಕ್ಕರಿ ಭಾಳ ಏರೇತಿ,” ಎಂದು ಅವಳು ಸೂಜಿಗೆ ಮತ್ತಷ್ಟು ಔಷಧಿ ಎಳೆದಳು.

ನಾನು ಅಳೆಯುವುದು ಹನಿಯನ್ನು ಮಾತ್ರ, ಬೆರಳನ್ನಲ್ಲ. ಆ ಹನಿಯಲ್ಲಿ ಬೆರಳಿಗಂಟಿದ ಬೆಲ್ಲ ಬೆರೆತಿತ್ತು. ಸೂಜಿ ಇಳಿದರೆ ಅದೇ ಮನೆಯಿಂದ ಇನ್ನೊಂದು ಹೆಣ ಹೊರಡುತ್ತಿತ್ತು. ಕೂಗಲು ನನಗೆ ಬಾಯಿಲ್ಲ.

ಎಲೆಯ ಮುಂದೆ ಕುಳಿತಿದ್ದ ವೃದ್ಧ ಅಯ್ಯನವರು ಕೈಯೆತ್ತಿದರು. “ತಡಿ ತಂಗಿ. ಬೆಲ್ಲ ಮುಟ್ಟಿದ ಕೈ ತೊಳಿಸಿದಿಯೇನು?”

“ಒರಿಸೀನ್ರಿ, ಅಜ್ಜಾರ.”

“ಒರಿಸಿದ್ರ ಬೆಲ್ಲ ಹೋಗತೈತೇನು? ನನಗೂ ಇಪ್ಪತ್ತ ವರ್ಷದ ಸಕ್ಕರಿ ಬ್ಯಾನಿ ಐತಿ. ಸಾಬೂನ ಹಚ್ಚಿ ತೊಳಿ, ಮತ್ತ ನೋಡು.”

ಎರಡನೆಯ ಹನಿಗೆ ನಾನು ತೋರಿಸಿದ್ದು ನಲವತ್ತೊಂಬತ್ತು. ಸಕ್ಕರೆ ಏರಿರಲಿಲ್ಲ, ಜೀವಕ್ಕೆ ಅಪಾಯವಾಗುವಷ್ಟು ಇಳಿದಿತ್ತು. ಮಹಾನಂದಾ ಸೂಜಿಯನ್ನು ದೂರ ಸರಿಸಿದಳು.

ಅಯ್ಯನವರು ತಾವಿನ್ನೂ ಮುಟ್ಟದ ಎಲೆಯನ್ನು ಬಸಲಿಂಗವ್ವನವರತ್ತ ಸರಿಸಿದರು. “ಮೊದಲ ನೀ ಉಣ್ಣವ್ವ.”

“ನೀವು ಉಣ್ಣದ ನಾ ಹೆಂಗ ಉಣ್ಣಲ್ರಿ? ಹೋದವರಿಗೆ ಸಲ್ಲೂದಿಲ್ಲ.”

“ನೀ ಇಲ್ಲೇ ಬಿದ್ರ ಸಲ್ಲತೈತೇನು? ಹಟದಾಗ ಮಾಸ್ತರಗಿಂತ ಒಂದ ಕೈ ಮ್ಯಾಲ ನೀ. ಉಣ್ಣು.”

ಬಸಲಿಂಗವ್ವ ಅಳುತ್ತ ಉಂಡರು. ಕಾಲು ಗಂಟೆಯಲ್ಲಿ ಬೆವರು ಆರಿತು. ಆ ಮೇಲೆಯೇ ಅಯ್ಯನವರು ಕೈ ತೊಳೆದು ಪ್ರಸಾದಕ್ಕೆ ಕುಳಿತರು.

ಈಗ ನನ್ನ ಪರದೆ ಮಸುಕಾಗಿದೆ. ಹೊಸ ಯಂತ್ರ ಬಂದಿದೆ. ನಾನು ದೇವರ ಕೋಣೆಯ ಗೂಡಿನಲ್ಲಿದ್ದೇನೆ. ಕಂಡದ್ದನ್ನೇ ಹೇಳಿದರೂ ಒಂದು ಜೀವ ಹೋಗಬಹುದಿತ್ತು ಎಂಬ ನಡುಕ ನನಗಿನ್ನೂ ಬಿಟ್ಟಿಲ್ಲ.

ಶಿವನೇ, ನಿನ್ನಲ್ಲಿ ಒಂದಾದ ಮಾಸ್ತರರ ಜೀವಕ್ಕೆ ಶಾಂತಿ ಕೊಡು. ಹೆಂಡತಿ ಉಂಡಳೋ ಇಲ್ಲವೋ ಎಂಬ ಚಿಂತೆ ಅವರಿಗೆ ಇನ್ನು ಬೇಡ.