ಜ್ವರ ಬಿಟ್ಟ ಮೇಲೆ

ತೊಕ್ಕೊಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ರವೂಫ್‌ರ ಕಾಲಿಗೆ ತಗಡಿನ ಅಂಚು ತಾಗಿ ಗಾಯವಾಗಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ, ಅರಸಿನ ಹಚ್ಚಿ ಸುಮ್ಮನಾದರು. ನಾಲ್ಕನೇ ದಿನ ಚಳಿಜ್ವರ ಬಂದು ಮಾತು ತೊದಲತೊಡಗಿದಾಗ ಹೆಂಡತಿ ರುಖಿಯಾ ಅವರನ್ನು ಮಂಗಳೂರಿನ ಆಸ್ಪತ್ರೆಗೆ ತಂದರು. ಗಾಯದ ನಂಜು ಅಷ್ಟರಲ್ಲಿ ಮೈಯೆಲ್ಲ ಏರಿತ್ತು. ಸೆಪ್ಸಿಸ್ ಎಂದರು ಡಾಕ್ಟರು.

ಐಸಿಯುವಿನ ಬೆಳಗಿನ ಪಾಳಿ ಆಂಡ್ರಿಯಾಳದು. ಹನ್ನೊಂದು ವರ್ಷದಿಂದ ಅಲ್ಲಿ ನರ್ಸ್. ರವೂಫ್ ದಾಖಲಾದ ಐದನೆಯ ಬೆಳಿಗ್ಗೆ ಅವಳು ಪಡೀಲಿನ ಮನೆಯಿಂದ ಬಂದು ನೋಡುವಾಗ ಅವರ ಜ್ವರ ಬಿಟ್ಟಿತ್ತು. ರಕ್ತದೊತ್ತಡ ಏರಿಸುವ ಮದ್ದು ಹೆಚ್ಚುಕಡಿಮೆ ನಿಂತಿತ್ತು. ನಾಳೆ ವಾರ್ಡಿಗೆ ಕಳಿಸುವುದೆಂದು ಕೇಸ್ ಶೀಟಿನಲ್ಲಿ ಬರೆದಿತ್ತು.

ಬಾಗಿಲ ಬಳಿ ಕಾದಿದ್ದ ರುಖಿಯಾ, "ಸಿಸ್ಟರ್, ಮಗ ಅಫ್ರೋಝ್ ಸೌದಿಯ ದಮ್ಮಾಮಿನಿಂದ ಹೊರಡುವವನಿದ್ದ. ಬೇಡ, ಜ್ವರ ಬಿಟ್ಟಿದೆ ಅಂತ ಈಗಷ್ಟೇ ಹೇಳಿದೆ" ಎಂದರು. ಐದು ದಿನದಲ್ಲಿ ಮೊದಲ ಬಾರಿ ಅವರ ಮುಖ ಸಡಿಲವಾಗಿತ್ತು.

ಆಂಡ್ರಿಯಾ ಒಳಗೆ ಬಂದು ರಕ್ತದ ರಿಪೋರ್ಟ್ ತೆರೆದಳು. ಹಿಂದಿನ ದಿನಗಳದ್ದನ್ನೂ ಪಕ್ಕಕ್ಕಿಟ್ಟು ನೋಡಿದಳು. ಆಮೇಲೆ ಡಾಕ್ಟರ್ ಮೋಹನದಾಸರ ಬಳಿ ಹೋದಳು.

"ಸರ್, ರವೂಫ್‌ರನ್ನು ನಾಳೆ ಕಳಿಸುವುದು ಬೇಡ ಅನ್ನಿಸ್ತದೆ."

"ಯಾಕೆ? ಬಿ.ಪಿ. ಸರಿ ಉಂಟಲ್ಲ."

"ಲಿಂಫೊಸೈಟ್ ನೋಡಿ. ಬಂದ ದಿನ ಒಂಬೈನೂರು. ಮೊನ್ನೆ ಐನೂರು. ಇವತ್ತು ಇನ್ನೂರ ಎಂಬತ್ತು."

ಡಾಕ್ಟರು ಹಾಳೆಗಳನ್ನು ತೆಗೆದುಕೊಂಡು ಕುರ್ಚಿಯಲ್ಲಿ ಕುಳಿತರು. ಲಿಂಫೊಸೈಟ್ ಎಂದರೆ ರೋಗದ ಜತೆ ಹೋರಾಡುವ ಬಿಳಿ ರಕ್ತಕಣಗಳು. ಅವುಗಳನ್ನು ಕ್ರಿಮಿ ಕೊಂದಿರಲಿಲ್ಲ. ದೇಹದ ಒಳಗಿಂದಲೇ ಬಂದ ಸೂಚನೆಗೆ ಅವು ಒಂದೊಂದಾಗಿ ತಾವೇ ಸಾಯುತ್ತಿದ್ದವು. ಎರಡು ವರ್ಷದ ಹಿಂದೆ ಉಳ್ಳಾಲದ ಒಬ್ಬ ಮೀನುಗಾರನಿಗೂ ಹೀಗೆಯೇ ಆಗಿತ್ತು. ನಗುತ್ತಾ ವಾರ್ಡಿಗೆ ಹೋದವನು ಮೂರನೇ ದಿನ ತೀರಿಕೊಂಡ. ಅವನ ರಿಪೋರ್ಟನ್ನು ಆಂಡ್ರಿಯಾ ಓದಿದ್ದು ಅವನು ಸತ್ತ ಮೇಲೆ.

"ಮದ್ದು ಹೋಗುವ ಕತ್ತಿನ ಲೈನ್ ಬದಲಾಯಿಸುವ," ಎಂದರು ಮೋಹನದಾಸ್. "ಕಲ್ಚರಿಗೆ ರಕ್ತ ಕಳಿಸಿ. ಮನೆಯವರಿಗೆ ನಾನು ಮಧ್ಯಾಹ್ನ ಹೇಳ್ತೇನೆ."

ಮಧ್ಯಾಹ್ನದವರೆಗೆ ಕಾಯಲು ಆಂಡ್ರಿಯಾಳಿಗೆ ಮನಸ್ಸಾಗಲಿಲ್ಲ. ಅಫ್ರೋಝ್‌ನ ಟಿಕೆಟ್ ಅಷ್ಟರಲ್ಲಿ ಕ್ಯಾನ್ಸಲ್ ಆಗಿಬಿಡುತ್ತದೆ. ಅವಳು ಹೊರಗೆ ಬಂದಳು.

"ಅಮ್ಮ, ಮಗನಿಗೆ ಬರಲಿಕ್ಕೆ ಹೇಳಿ."

ರುಖಿಯಾ ಅವಳನ್ನೇ ನೋಡಿದರು. "ಜ್ವರ ಬಿಟ್ಟದ್ದು ಒಳ್ಳೆಯದಲ್ಲವಾ?"

"ಕೆಲವರಿಗೆ ಹೌದು. ಇವರಿಗೆ ಜ್ವರ ಬರಿಸುವಷ್ಟು ಶಕ್ತಿಯೂ ಉಳಿದಿಲ್ಲ ಅಂತ ಕಾಣ್ತದೆ. ರೋಗ ತಡೆಯುವ ಕಣಗಳೇ ಸಾಯ್ತಾ ಉಂಟು. ಈಗ ಸಣ್ಣ ಸೋಂಕು ಬಂದರೂ ತಡೆಯುವವರಿಲ್ಲ."

"ನಿನ್ನೆ ನೀವೇ ಹೇಳಿದ್ದು, ಪರವಾಗಿಲ್ಲ ಅಂತ."

"ಹೇಳಿದ್ದೆ. ತಪ್ಪಾಯಿತು."

ರುಖಿಯಾ ಮುಖ ತಿರುಗಿಸಿ ಹೋಗಿ ಬೆಂಚಿನ ಕೊನೆಯಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಅವರು ಫೋನ್ ಕಿವಿಗೆ ಹಿಡಿದದ್ದು ಗಾಜಿನಾಚೆ ಕಾಣಿಸಿತು.

ಹನ್ನೆರಡೂವರೆಗೆ ರವೂಫ್‌ರ ಕೈ ತಣ್ಣಗಾಯಿತು. ಬಿ.ಪಿ. ತೊಂಬತ್ತು, ಎಂಬತ್ತು, ಅರವತ್ತೆಂಟು. ಆಂಡ್ರಿಯಾ ಮದ್ದಿನ ಪಂಪು ಏರಿಸುತ್ತಾ ಡಾಕ್ಟರಿಗೆ ಕರೆ ಕಳಿಸಿದಳು. ರಕ್ತದಲ್ಲಿ ಯಾವ ಸೋಂಕು ಎಂದು ಹೇಳುವ ಕಲ್ಚರ್ ವರದಿಗೆ ಎರಡು ದಿನ ಬೇಕು. ಮೋಹನದಾಸ್ ಅದಕ್ಕೆ ಕಾಯಲಿಲ್ಲ. ಆಂಟಿಬಯೋಟಿಕ್ ಬದಲಿಸಿದರು, ಜತೆಗೆ ಶಿಲೀಂಧ್ರ ಸೋಂಕಿನ ಮದ್ದನ್ನೂ ಶುರು ಮಾಡಿದರು. ಸಂಜೆ ವೆಂಟಿಲೇಟರ್ ಹಾಕಬೇಕಾಯಿತು. ಪಾಳಿ ಮುಗಿದು ನಾಲ್ಕು ಗಂಟೆ ಕಳೆದರೂ ಆಂಡ್ರಿಯಾ ಮನೆಗೆ ಹೋಗಿರಲಿಲ್ಲ.

ವರದಿ ಬಂದಾಗ ರಕ್ತದಲ್ಲಿ ಶಿಲೀಂಧ್ರವೇ ಇತ್ತು. ಅದರ ಮದ್ದು ಅಷ್ಟರಲ್ಲಾಗಲೇ ಎರಡು ದಿನದಿಂದ ಮೈಯೊಳಗೆ ಹೋಗುತ್ತಿತ್ತು. ಅಫ್ರೋಝ್ ವಿಮಾನ ನಿಲ್ದಾಣದಿಂದ ನೇರ ಬಂದು, ಗೌನು ತೊಟ್ಟು ಅಪ್ಪನ ಹತ್ತಿರ ನಿಂತ. ಎಲ್ಲಿ ಮುಟ್ಟಬಹುದು ಎಂದು ಕೇಳಿದ. ಆಂಡ್ರಿಯಾ ಸೂಜಿ ಇಲ್ಲದ ಕೈ ತೋರಿಸಿದಳು.

ಲಿಂಫೊಸೈಟ್ ಮೂರು ದಿನ ಕದಲಲಿಲ್ಲ. ನಾಲ್ಕನೇ ದಿನ ನಾನೂರಾಯಿತು, ವಾರ ಕಳೆದು ಎಂಟುನೂರು. ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಇಪ್ಪತ್ತೆರಡನೇ ದಿನ ರವೂಫ್ ವಾರ್ಡಿಗೆ ಹೊರಟರು.

ಲಿಫ್ಟಿಗೆ ಕಾಯುವಾಗ ರುಖಿಯಾ ಆಂಡ್ರಿಯಾಳ ಪಕ್ಕ ಬಂದು ನಿಂತರು.

"ಆ ದಿನ ನಿಮ್ಮ ಮೇಲೆ ತುಂಬ ಕೋಪ ಬಂದಿತ್ತು, ಸಿಸ್ಟರ್."

"ಗೊತ್ತುಂಟು ಅಮ್ಮ."

"ಈಗಲೂ ಸ್ವಲ್ಪ ಉಂಟು," ಎಂದು ರುಖಿಯಾ ಅವಳ ಕೈ ಹಿಡಿದುಕೊಂಡರು. ಲಿಫ್ಟ್ ಬರುವವರೆಗೂ ಬಿಡಲಿಲ್ಲ.