ಅರಿಸಿನ ತೊಳೆದ ಮೂಗು

ಮುಚ್ಚಂಡಿ ಊರಿನ ಕುರಿಗಳೆಲ್ಲ ಒಂದೇ ಕುರಿ ಎಂದು ಫೋನು ಹೇಳಿದಾಗ ಮೊದಲು ನಕ್ಕವನು ಬಸಗೊಂಡ. ಅವನ ಹಿಂದೆಯೇ, ಉಮದಿಯ ಅವನ ಹಟ್ಟಿಯಲ್ಲಿ ಬೇವಿನ ಮರದ ಕೆಳಗೆ ಕುಳಿತ ಮಂದಿಯೆಲ್ಲ ಹೋ ಎಂದು ನಕ್ಕಿತು.

"ಏ ತಂಗಿ, ನಿನ್ನ ಫೋನಿಗೆ ಒಂದು ಚಸ್ಮಾ ಕೊಡಸವಾ," ಎಂದ ಬಸಗೊಂಡ. "ಎಲ್ಲಾ ಕುರಿ ಒಂದಽ ಆದ್ರ ಹಾಲು ಕುಡಿಯೂ ಮರಿಗೋಳ ಗತಿ ಏನಬೇ? ಯಾವ ತಾಯಿ ಅಂತ ಹೋಗಬೇಕು?"

ಆರಜೂ ನಗಲಿಲ್ಲ. ಪರದೆಯನ್ನು ಬೆರಳಿನಿಂದ ಮೇಲೆ ಸರಿಸಿದಳು. ಹಳದಿ ಮೂಗು, ಅದರ ಕೆಳಗೆ ಹಳದಿ ಮೂಗು, ಅದರ ಕೆಳಗೆ ಇನ್ನೊಂದು. ಎಲ್ಲವೂ ಲಗ್ನಕ್ಕೆ ಹೊರಟ ಬೀಗಿತಿಯರ ಹಾಗೆ ಅರಿಸಿನದ ಭಂಡಾರ ಬಳಿದುಕೊಂಡು ಅವಳನ್ನೇ ನೋಡುತ್ತಿದ್ದವು.

ಎದುರಿಗೆ ಗೂಟಕ್ಕೆ ಕಟ್ಟಿದ್ದ ಕುರಿಯೂ ಹಾಗೆಯೇ ಇತ್ತು. ಎತ್ತರದ ಕಾಲು, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ. ಪಂಚರು ಬರುತ್ತಾರೆಂದು ಬಸಗೊಂಡ ಬೆಳಿಗ್ಗೆಯೇ ಅದರ ಹಣೆಯಿಂದ ಮೂಗಿನ ತುದಿಯವರೆಗೆ ಅರಿಸಿನ ಹಚ್ಚಿ, ಕೊರಳಿಗೆ ಗೊಂಡೆ ಕಟ್ಟಿದ್ದ. ಮುಚ್ಚಂಡಿಯ ಚಂದ್ರಾಬಾಯಿ ಇದು ತನ್ನ ಗೌರಿ ಎನ್ನುತ್ತಿದ್ದಳು. ಹೋದ ವರ್ಷ ಮರಿಯಾಗಿದ್ದಾಗ ಮೇಯಲು ಹೋದದ್ದು ಮರಳಿ ಬಂದಿರಲಿಲ್ಲ. ಮಾತು ಮುಗಿಸೋಣವೆಂದು ಅವಳು ಬಂದ ಕೂಡಲೇ "ಗೌರೀ" ಎಂದು ಕರೆದೂ ನೋಡಿದ್ದಳು. ಗೂಟದ ಕುರಿ ಅಲ್ಲಾಡಲಿಲ್ಲ. ಹಟ್ಟಿಯ ಮೂರು ಕುರಿ ಮತ್ತು ಬಸಗೊಂಡನ ಹೆಂಡತಿ ತಿರುಗಿ ನೋಡಿದರು.

ಬಸಗೊಂಡನ ಮಾತೂ ಸುಳ್ಳಲ್ಲ. ಅವನು ಕುರಿಯನ್ನು ನಂಬಿಕೆಯ ಮನುಷ್ಯನ ಕೈಯಿಂದ ಕೊಂಡಿದ್ದ. ಆ ನಂಬಿಕೆಯ ಮನುಷ್ಯ ಆರಜೂಳ ಅಪ್ಪ, ಬಂದೇನವಾಜ.

ಜತ್ತದ ಸುತ್ತಮುತ್ತ ಬಂದೇನವಾಜ ಮಾರಿದ ಕುರಿಗೆ ಎರಡನೇ ಮಾತಿರಲಿಲ್ಲ. ಒಮ್ಮೆ ನೋಡಿದ ಕುರಿಯ ಮುಖ ಮರೆಯುವುದಿಲ್ಲ ಎಂಬುದು ಅವನ ಹೆಮ್ಮೆ. ಅದಕ್ಕೇ ಕಾಲೇಜಿನವರು, ಬೆರಳಚ್ಚಿನಂತೆ ಒಂದೊಂದು ಕುರಿಗೂ ಬೇರೆಯಾಗಿರುವ ಮೂಗಿನ ಗೆರೆಗಳ ಚಿತ್ರ ತೆಗೆದು ಕೂಡಿಸುವ ಕೆಲಸ ಹಿಡಿದಾಗ, ಅದಕ್ಕಾಗಿ ಊರೂರು ತಿರುಗಿದ ಸ್ವಂತ ಮಗಳನ್ನೂ ತನ್ನ ಹಿಂಡಿನ ಹತ್ತಿರ ಬರಗೊಟ್ಟಿರಲಿಲ್ಲ. "ನನ್ನ ಲೆಕ್ಕಾ ನನ್ನ ಕಣ್ಣಾಗೈತಿ ಬೇಟಾ. ಅದಕ್ಕ ಚಾರ್ಜಿಂಗ್ ಬೇಕಾಗೂದಿಲ್ಲ," ಎಂದಿದ್ದ. ಈ ಕುರಿಯನ್ನು ಅವನು ಗುಡ್ಡಾಪುರದ ದಾರಿಯಲ್ಲಿ ಹಾದುಹೋಗುವ ಹಿಂಡೊಂದರಿಂದ ಕೊಂಡದ್ದು. "ಹಿಂಡಿನ್ಯಾಗ ಹುಟ್ಟಿದ್ದಽ ಐತಿ" ಎಂದು ಬಸಗೊಂಡನಿಗೆ ಮಾತು ಕೊಟ್ಟು ಮಾರಿದ್ದ.

"ಹಂಗಾರ ಮುಗೀತಲ್ಲ," ಎಂದು ಬಸಗೊಂಡ ಪಂಚರಲ್ಲಿ ಹಿರಿಯನಾದ ಗುರುಲಿಂಗಪ್ಪನ ಕಡೆ ತಿರುಗಿದ. "ಯಂತ್ರಕ್ಕೂ ತಿಳೀವಲ್ದು."

ಯಂತ್ರಕ್ಕೆ ತಿಳಿದಿತ್ತು. ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಆರಜೂಗೆ ಈಗ ಹೊಳೆಯಿತು. ಅವಳು ಕೇಳಿದ್ದು ಮೂಗನ್ನಲ್ಲ, ಅರಿಸಿನವನ್ನು. ಅರಿಸಿನ ಬಳಿದ ಮೂಗನ್ನು ತೋರಿಸಿ ಇಂಥದು ಇನ್ನೆಲ್ಲಿದೆ ಎಂದರೆ, ಅದು ಅರಿಸಿನ ಬಳಿದವನ್ನೆಲ್ಲ ಹುಡುಕಿ ತಂದಿತ್ತು. ಮುಚ್ಚಂಡಿಯವರಂತೂ ಫೋಟೋ ಎಂದ ಕೂಡಲೇ ತಮ್ಮ ಕುರಿಗಳನ್ನೆಲ್ಲ ಸಿಂಗರಿಸಿ ನಿಲ್ಲಿಸಿದ್ದರು. ಆ ಸಿಂಗಾರಕ್ಕೆ ಮುಂದಾಳು ಇದೇ ಚಂದ್ರಾಬಾಯಿ.

ಆ ದಿನ ಅವಳ ಅಂಗಳಕ್ಕೆ ಬಂದವಳೇ ಆರಜೂ, ಸಿಂಗರಿಸಲು ಅವಳು ಹಿಡಿದುಕೊಂಡಿದ್ದ ಮರಿಯ ಒಂದು ಚಿತ್ರ ತೆಗೆದುಬಿಟ್ಟಿದ್ದಳು. ಚಂದ್ರಾಬಾಯಿ ಹೌಹಾರಿದ್ದಳು. "ಅಯ್ಯ ನನ್ನವ್ವಾ! ಎದ್ದು ಮಾರಿ ತೊಳಕೊಳ್ಳದ ಮದುಮಗಳ ಫೋಟೋ ಯಾರರ ತಗೀತಾರೇನ? ಅಳಸು ಅದನ್ನ!" ಆರಜೂ ಹೂಂ ಎಂದಿದ್ದಳು. ಭಂಡಾರ ಹಚ್ಚಿದ ಮೇಲೆ ಇನ್ನೊಂದು ತೆಗೆದು, ಅದಕ್ಕೆ ಗೌರಿ ಎಂದು ಹೆಸರು ಬರೆದಳು. ಮೊದಲಿನದನ್ನು ಅಳಿಸಲು ಮನಸ್ಸಾಗಿರಲಿಲ್ಲ. ಸಾವಿರಾರು ಮೂಗುಗಳ ನಡುವೆ ಅದು ಹೆಸರಿಲ್ಲದೆ ಎಲ್ಲೋ ಬಿದ್ದಿತ್ತು.

ಅದು ಇದೆಯೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ ಮಾತ್ರ.

ಸುಮ್ಮನಿದ್ದರೆ ಆಗುತ್ತಿತ್ತು. ಫೋನನ್ನು ಚೀಲಕ್ಕೆ ಹಾಕಿ, ನಕ್ಕವರ ಜೊತೆ ನಕ್ಕು, ಅಪ್ಪನ ಮೋಟರ್‌ಸೈಕಲ್ ಏರಿದರೆ ಅಪ್ಪನ ಮಾತು ಮಾತಾಗಿಯೇ ಉಳಿಯುತ್ತಿತ್ತು. ಆರಜೂ ತಲೆ ಎತ್ತಿದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದ. ನಗುತ್ತಿರಲಿಲ್ಲ. ಮಗಳ ಮುಖ ಓದಲು ಅವನಿಗೂ ಚಾರ್ಜಿಂಗ್ ಬೇಕಿರಲಿಲ್ಲ.

"ಏನೋ ಹೊಳದೈತಿ ನಿನಗ," ಎಂದ.

"ಅಬ್ಬಾ..." ಎಂದು ಅಪ್ಪನನ್ನು ಕರೆದು ಅವನ ಮುಖ ನೋಡಿದಳು.

"ನನ್ನ ಮಾರಿ ನೋಡಬ್ಯಾಡ. ಕುರಿ ಮಾರಿ ನೋಡು."

ಆರಜೂ ಎದ್ದು ನಿಂತಳು. "ಒಂದು ತಂಬಿಗಿ ನೀರು ತರಸ್ರಿ ಕಾಕಾ. ಮೂಗು ತೊಳೀಬೇಕು."

ಚಂದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಗುರುಲಿಂಗಪ್ಪ ಕೋಲು ಅಡ್ಡ ಹಿಡಿದ. "ನೀ ಕುಂದ್ರವಾ. ಯಾರ ಕುರಿ ಅಂತ ತಿಳಿಯೂತನಾ ನೀ ಮುಟ್ಟಬ್ಯಾಡ. ಬಸಗೊಂಡ, ನೀನಽ ತೊಳಿ."

"ಸಿಂಗಾರ ಮಾಡಿದವರಽ ಸಿಂಗಾರ ಕಳೀಬೇಕೇನ್ರಿ?" ಎನ್ನುತ್ತಲೇ ಬಸಗೊಂಡ ತೊಳೆದ. ಕುರಿ ಎರಡು ಸಲ ಸೀನಿ ಅವನ ಅಂಗಿಯನ್ನೆಲ್ಲ ಹಳದಿ ಮಾಡಿತು. ಅರಿಸಿನದ ಕೆಳಗಿನಿಂದ ಕಪ್ಪು ಮೂಗು ಹೊರಬಿತ್ತು. ಅದರ ಮೇಲೆ ಬಿರುಕು ಬಿಟ್ಟ ಎರೆಹೊಲದಂತೆ ಸಣ್ಣ ಸಣ್ಣ ಗೆರೆಗಳು. ಆರಜೂ ಮೊಣಕಾಲೂರಿ ಚಿತ್ರ ತೆಗೆದಳು.

"ಈಗ ಎಷ್ಟು ಹೊತ್ತು? ಸಾವಿರಾರು ಮೂಗು ಅಂತಿ," ಎಂದ ಗುರುಲಿಂಗಪ್ಪ. "ಒಂದೊಂದಽ ನೋಡತದ ಅಂದ್ರ ಸಂತಿ ಮುಗದು ಹೋಕ್ಕೈತಿ."

"ಒಂದೊಂದು ನೋಡೂದಿಲ್ರಿ ಅಜ್ಜಾ. ಲಗ್ನದಾಗ ನಿಮ್ಮ ಬೀಗರನ್ನ ಹುಡುಕೂದ ಹೆಂಗ? ಎಲ್ಲಾರ ಮಾರಿ ನೋಡ್ಕೋತ ಹೊಂಟ್ರ ಊಟ ತಪ್ಪತೈತಿ. ಅವರ ಮಂದಿ ಯಾವ ಪಂಗ್ತಿಗೆ ಕುಂತಾರ ಅಂತ ನೋಡಿ ಸೀದಾ ಅಲ್ಲಿಗೇ ಹೋಗ್ತೀರಿ. ಇದೂ ಹಂಗಽ. ಒಂದು ನಮೂನಿ ಗೆರಿ ಇದ್ದಾವನ್ನ ಹತ್ರ ಹತ್ರ ಕುಂದ್ರಿಸಿರತೈತಿ. ಆ ಪಂಗ್ತಿಗೆ ಹೋಗಿ ಹುಡುಕತೈತಿ."

"ಶಾಣ್ಯಾ ಐತಿ," ಎಂದ ಮುದುಕ. "ಊಟದ ವಿಚಾರ ಗೊತ್ತೈತಿ ಅದಕ್ಕ."

ಪರದೆಯ ಮೇಲೆ ಸಣ್ಣ ಬಿಲ್ಲೆಯೊಂದು ತಿರುಗತೊಡಗಿತು. ಅಪ್ಪನ ತಾಯಿ, ದಾದಿ ಸಾಬೇರಾ ಹೇಳುತ್ತಿದ್ದ ಕಥೆಯಲ್ಲೂ ಹೀಗೊಂದು ಗಳಿಗೆ ಬರುತ್ತಿತ್ತು. ಮಾಟಗಾತಿ ರಾಣಿಯನ್ನು ಕುರಿ ಮಾಡಿ ದೊಡ್ಡ ಹಿಂಡಿನೊಳಗೆ ಬಿಟ್ಟಿರುತ್ತಾಳೆ. ರಾಜ ದೊಡ್ಡಿಯ ಬಾಗಿಲು ತೆರೆದು ಒಳಗೆ ಕಾಲಿಡುತ್ತಾನೆ. ಅಲ್ಲಿಗೆ ದಾದಿಗೆ ನಿದ್ದೆ ಬಂದುಬಿಡುತ್ತಿತ್ತು, ಪ್ರತಿ ಸಲವೂ. ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಆರಜೂ ತಾನೇ ರಾಜನಾಗಿ ಕುರಿಗಳ ನಡುವೆ ಅಲೆಯುತ್ತಿದ್ದಳು. ರಾಣಿ ಸಿಕ್ಕರೆ ಏನಾಗಬಹುದೆಂದು ಯೋಚಿಸಿದ್ದಳು. ಆ ಕುರಿಯನ್ನು ನಂಬಿ ಕೊಂಡವನೊಬ್ಬ, ನಂಬಿಸಿ ಮಾರಿದವನೊಬ್ಬ ದೊಡ್ಡಿಯಲ್ಲಿ ನಿಂತಿರಬಹುದೆಂದು ಯೋಚಿಸಿರಲಿಲ್ಲ.

ಬಿಲ್ಲೆ ನಿಂತಿತು. ಈ ಸಲ ಹಿಂಡು ಬರಲಿಲ್ಲ. ಮೇಲೊಂದು ಚಿತ್ರ, ಹೋಲಿಕೆಯಲ್ಲಿ ತೀರ ಹತ್ತಿರದ್ದು. ಉಳಿದವೆಲ್ಲ ಬಹಳ ದೂರದವು.

ಆರಜೂ ಚಿತ್ರವನ್ನು ದೊಡ್ಡದು ಮಾಡಿ ಗುರುಲಿಂಗಪ್ಪನ ಕೈಗೆ ಕೊಟ್ಟಳು. ಮುದುಕ ಫೋನನ್ನು ದೂರ ಹಿಡಿದು, ಕುರಿಯ ಮೂಗಿನ ಹತ್ತಿರ ಬಾಗಿ, ಗೆರೆಗೆ ಗೆರೆ ಹಚ್ಚಿ ನೋಡಿದ. ಎಡ ಹೊಳ್ಳೆಯ ಮೇಲೆ ಕವಲೊಡೆದ ಹಳ್ಳದಂಥ ಗೆರೆ ಎರಡರಲ್ಲೂ ಇತ್ತು.

"ಹೌದು, ಅದಽ ಐತಿ," ಎಂದ. "ಆದ್ರ ಇದಕ್ಕ ಹೆಸರಿಲ್ಲಲ್ಲವಾ. ಯಾರದಂತ ಹೇಳೂದ?"

"ಹೆಸರಿಲ್ರಿ. ಕೈ ಐತಿ ನೋಡ್ರಿ."

ಚಿತ್ರದ ಕೆಳಗೆ ಮರಿಯ ಗದ್ದ ಎತ್ತಿ ಹಿಡಿದ ಕೈಯೊಂದಿತ್ತು. ಮುಂಗೈ ಮೇಲೆ ಹಸಿರು ಹಚ್ಚೆ, ಒಂದು ಚೇಳು. ಚುಚ್ಚುವವಳು ಅವಸರ ಮಾಡಿದ್ದಕ್ಕೋ ಏನೋ, ಚೇಳಿನ ಕೊಂಡಿ ಅರ್ಧಕ್ಕೇ ನಿಂತಿತ್ತು.

ಮಂದಿಯೆಲ್ಲ ಚಂದ್ರಾಬಾಯಿಯ ಕಡೆ ತಿರುಗಿತು. ಅವಳು ಬಳೆ ಮೇಲೆ ಸರಿಸಿ ಕೈ ಮುಂದೆ ಚಾಚಿದಳು. ಬಸಗೊಂಡ ಬಾಗಿ ನೋಡಿದ. ಅರ್ಧ ಕೊಂಡಿಯ ಚೇಳು.

ಈಗ ಯಾರೂ ನಗಲಿಲ್ಲ. ಬಂದೇನವಾಜ ಗೋಡೆ ಬಿಟ್ಟು ಬಂದ. ಗೂಟದಿಂದ ಹಗ್ಗ ಬಿಚ್ಚಿ ಚಂದ್ರಾಬಾಯಿಯ ಕೈಗೆ ಕೊಟ್ಟ.

"ತಪ್ಪಿಸಿಕೊಂಡ ಮರಿ ಹಿಂಡಿಗೆ ಕೂಡಿರಬೇಕು. ನಾ ವಿಚಾರಸಲಿಲ್ಲ. ಹಿಂಡಿನ್ಯಾಗ ಹುಟ್ಟಿದ್ದು ಅಂತ ಮಾತು ಕೊಟ್ಟೆ," ಎಂದ. ಅವನ ಕೊರಳು ಒಂದಿಷ್ಟೂ ತಗ್ಗಿರಲಿಲ್ಲ. "ನನ್ನ ಮಾತು ಸುಳ್ಳಾತು. ನನ್ನ ಮಗಳ ಮಾತು ಖರೇ ಆತು. ಎರಡೂ ಒಂದಽ ಮನಿ ಮಾತು, ಪಂಚರು ನೆನಪಿಡ್ರಿ. ಬಸಗೊಂಡ, ನಾಳೆ ಬಾ. ನನ್ನ ಹಿಂಡಿನ್ಯಾಗ ನಿನಗ ಬೇಕಾದ್ದು ಹಿಡಕೊಂಡು ಹೋಗು."

ಬಸಗೊಂಡ ಅಂಗಿಯ ಅರಿಸಿನ ಒರೆಸಿಕೊಂಡ. "ಬರ್ತೇನಿ ಮಾಮು. ಮಗಳನ್ನೂ ಮನ್ಯಾಗ ಇರು ಅನ್ನು. ಮೂಗು ನೋಡಿಸಽ ಒಯ್ಯಾಂವ ನಾ."

ಚಂದ್ರಾಬಾಯಿ ಕುರಿಯ ಹಗ್ಗ ಹಿಡಿದು ಹೊರಟವಳು ಆರಜೂಳ ಹತ್ತಿರ ನಿಂತಳು. "ಅಳಸು ಅಂದಿದ್ನಲ್ಲ ನಿನಗ?"

"ಅಂದಿದ್ರಿ."

"ಹೇಳಿದ ಮಾತು ಕೇಳೂ ಹುಡುಗಿ ಅಲ್ಲ ಬಿಡು ನೀ," ಎಂದು ಅವಳ ಗಲ್ಲಕ್ಕೆ ಬೆರಳು ಮುಟ್ಟಿಸಿ, ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು.

ಮನೆಗೆ ಮರಳುವ ದಾರಿಯಲ್ಲಿ ಬಂದೇನವಾಜ ಮೂರು ಕಡೆ ಗಾಡಿ ನಿಲ್ಲಿಸಿದ. ಚಹಾ ಬೇಕೆಂದು ಒಂದು ಕಡೆ, ಗಾಳಿ ತುಂಬಿಸಬೇಕೆಂದು ಒಂದು ಕಡೆ. ಮೂರನೇ ಕಡೆ ನೆಪ ಹೇಳುವುದನ್ನೂ ಮರೆತ. ಎಲ್ಲ ಕಡೆಯೂ ತಾನು ಸೋತ ಕಥೆಯನ್ನು ದೊಡ್ಡ ದನಿಯಲ್ಲಿ ಹೇಳಿದ. ಮೂರನೇ ಸಲ ಹೇಳುವಾಗ ಚೇಳಿನ ಕೊಂಡಿಯೂ ಪೂರ್ತಿಯಾಗಿತ್ತು.

ಹೊತ್ತು ಇಳಿಯುವಾಗ ಆರಜೂ ದಾದಿಗೆ ಚಹಾ ಕೊಟ್ಟು, ಫೋನು ಹಿಡಿದು ಹಿತ್ತಲಿಗೆ ಬಂದಳು. ಅಪ್ಪ ಹಿಂಡನ್ನು ನೀರಿನ ಬಾನಿಯ ಹತ್ತಿರ ತಂದು ನಿಲ್ಲಿಸಿದ್ದ. ಹೆಗಲ ಮೇಲಿನ ವಸ್ತ್ರವನ್ನು ನೀರಲ್ಲಿ ಅದ್ದಿ, ಹಿಂಡಿ, ಒಂದು ಕುರಿಯ ಮೂಗನ್ನು ಕೂಸಿನ ಮೂಗು ಒರೆಸುವ ಹಾಗೆ ಮೆಲ್ಲಗೆ ಒರೆಸಿದ. ಆಮೇಲೆ ಅದರ ಗದ್ದದ ಕೆಳಗೆ ಕೈ ಇಟ್ಟು, ಮುಖವನ್ನು ಬೆಳಕಿನ ಕಡೆ ಎತ್ತಿ ಹಿಡಿದು, ಮಗಳ ಕಡೆ ನೋಡದೆ ಹಾಗೆಯೇ ನಿಂತುಕೊಂಡ.